ಒಂದು ದೋಸೆ, ಎರಡು ತಟ್ಟೆ

ಗುತ್ಯಪ್ಪ ಆ ದಿನ ಬೆಳಿಗ್ಗೆ ಎದ್ದವನೇ ಹಿತ್ತಲ ಹುಣಸೆಮರಕ್ಕೆ ಜೋಕಾಲಿ ಕಟ್ಟಿದ. ನಾಗರಪಂಚಮಿಗೆ ಇನ್ನೂ ಎರಡು ದಿನವಿತ್ತು. ಹಗ್ಗ ಹೊಸದು, ಶಿಕಾರಿಪುರದ ಅಂಗಡಿಯಲ್ಲಿ ಚೌಕಾಸಿ ಮಾಡದೆ ತಂದದ್ದು. ಗುತ್ಯಪ್ಪ ಚೌಕಾಸಿ ಮಾಡದೆ ಒಂದು ವಸ್ತು ಕೊಂಡು ಐದು ವರ್ಷವಾಗಿತ್ತು ಎಂದರೆ ಆ ಹಗ್ಗದ ಮರ್ಯಾದೆ ಎಂಥದ್ದೆಂದು ನೀವೇ ಲೆಕ್ಕ ಹಾಕಿ. ಗಂಟು ಬಿಗಿದ ಮೇಲೆ ತಾನೇ ಹಲಗೆ ಹತ್ತಿ ನಿಂತು ನಾಲ್ಕು ಸಲ ಜೀಕಿಯೂ ನೋಡಿದ.

"ಏನ್ರೀ ಅದು ಈ ವಯಸ್ಸಿಗೆ!" ಹೆಂಡತಿ ತಾಯಮ್ಮ ಅಡುಗೆಮನೆಯಿಂದಲೇ ಕೂಗಿದಳು. "ಬಿದ್ದು ಸೊಂಟ ಮುರ್ಕಂಡ್ರೆ ಅದಕ್ಕೊಂದು ಸಾಲ ಮಾಡ್ಬೇಕಾಗ್ತತಿ ನೋಡ್ರಿ!"

"ಅಕ್ಕಗೆ ಕಟ್ಟೀನಿ ಕಣೇ. ಅವಳು ನಿಂತೇ ಜೀಕೋದು. ಎತ್ತರ ಸಾಕಾ ಅಂತ ನೋಡಿದೆ."

ಅಕ್ಕ ಎಂದರೆ ದುರುಗಮ್ಮ. ಗುತ್ಯಪ್ಪನಿಗಿಂತ ಏಳು ವರ್ಷ ದೊಡ್ಡವಳು. ಸೊರಬದ ಹತ್ತಿರ ಹೊಸಬಾಳೆಗೆ ಕೊಟ್ಟ ಹೆಣ್ಣು. ಅಲ್ಲಿಯವರಿಗೆ ಪಂಚಮಿ ಎಂದರೆ ನಾಗರಕಲ್ಲಿಗೆ ಹಾಲೆರೆದು ಮನೆಗೆ ಬರುವುದು, ಅಷ್ಟೇ. ಶಿಕಾರಿಪುರದ ಈ ಕಡೆಗೆ ಹಾಗಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಖಡಕ್ ರೊಟ್ಟಿ, ಮರಮರಕ್ಕೂ ಜೋಕಾಲಿ. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರಬೇಕು. ಆದರೆ ತಾವಾಗಿಯೇ ಬರುವಂತಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಕರೆಯದೆ ಬಂದವಳನ್ನು ಗಂಡನ ಮನೆಯವರೂ ಆಡಿಕೊಳ್ಳುತ್ತಾರೆ, ತವರಿನ ಓಣಿಯವರೂ ಆಡಿಕೊಳ್ಳುತ್ತಾರೆ. ದುರುಗಮ್ಮನ ಮದುವೆಯಾದ ವರ್ಷದಿಂದ ಇಪ್ಪತ್ತೆಂಟು ಪಂಚಮಿಗೆ ಗುತ್ಯಪ್ಪ ತಪ್ಪದೆ ಹೋಗಿ ಅಕ್ಕನನ್ನು ಕರೆತಂದಿದ್ದ. ಆಮೇಲೆ ನಾಲ್ಕು ಪಂಚಮಿಗೆ ಹೋಗಲಿಲ್ಲ. ಈ ಕಥೆ ಆ ನಾಲ್ಕು ಪಂಚಮಿಯದ್ದು.

ಗುತ್ಯಪ್ಪ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಕಥೆ ಮುಗಿಸಿಬಿಡಬಹುದಿತ್ತು. ಅಂಬ್ಲಿಗೊಳ ಡ್ಯಾಮಿನ ನಾಲೆ ನೀರು ಕಾಣುವ ಎರಡೆಕರೆ ಹೊಲ, ಮೂವತ್ತು ಕುರಿ, ಒಂದು ಲಗೇಜ್ ಆಟೋ, ಓದುವ ಮಗಳು ಮೀನಾ, ಇವಿಷ್ಟನ್ನು ಇಟ್ಟುಕೊಂಡು ತಣ್ಣಗಿದ್ದ ಮನುಷ್ಯ. ಐದು ವರ್ಷದ ಹಿಂದೆ ಅವನ ತಲೆಗೆ ಮೆಕ್ಕೆಜೋಳದ ವ್ಯಾಪಾರ ಹೊಕ್ಕಿತು. ಸುತ್ತಲಿನ ಊರಿನ ರೈತರಿಂದ "ಹದಿನೈದು ದಿನಕ್ಕೆ ದುಡ್ಡು" ಎಂದು ಬಾಯಿಮಾತಿನ ಮೇಲೆ ಜೋಳ ಎತ್ತಿಸಿ, ಹೊರಗಿನ ಒಬ್ಬ ದೊಡ್ಡ ವ್ಯಾಪಾರಿಗೆ ಹಾಕಿದ. ಎರಡು ಸಲ ದುಡ್ಡು ಸರಿಯಾಗಿ ಬಂತು. ಮೂರನೆಯ ಸಲ ಮೂರು ಲಾರಿ ಜೋಳ ಹೋಯಿತು, ವ್ಯಾಪಾರಿಯೂ ಹೋದ, ಅವನ ಫೋನೂ ಹೋಯಿತು. ಹನ್ನೊಂದು ಲಕ್ಷ! ರೈತರು ವ್ಯಾಪಾರಿಯ ಮುಖ ನೋಡಿದವರಲ್ಲ, ಗುತ್ಯಪ್ಪನ ಮುಖ ನೋಡಿ ಜೋಳ ಕೊಟ್ಟವರು. ಬೆಳಗಾದರೆ ಅವನ ಜಗಲಿಯ ಮೇಲೆ ಬಂದು ಕೂರತೊಡಗಿದರು.

ಬ್ಯಾಂಕಿನಲ್ಲಿ, ಫೈನಾನ್ಸಿನಲ್ಲಿ, ತಾಯಮ್ಮನ ಸಂಘದಲ್ಲಿ ಎಲ್ಲ ಸೇರಿ ಎಂಟು ಲಕ್ಷ ಹುಟ್ಟಿತು. ಉಳಿದ ಮೂರು ಲಕ್ಷಕ್ಕೆ ದಿಕ್ಕು ತೋಚದೆ ಕೂತಿದ್ದಾಗ ದುರುಗಮ್ಮನೇ ಬಂದಳು. ಅವಳ ಗಂಡ ತೀರಿಹೋಗಿ ಆಗ ಒಂದು ವರ್ಷ. ಅವನ ವಿಮೆಯ ದುಡ್ಡನ್ನು ಮಗಳು ಗಂಗಾಶ್ರೀಗೆಂದು ಇಟ್ಟಿದ್ದಳು. ಅದನ್ನು ಸೀರೆಯ ಮಡಿಕೆಯೊಳಗಿಟ್ಟುಕೊಂಡು ಬಂದು ತಮ್ಮನ ತೊಡೆಯ ಮೇಲೆ ಇಟ್ಟಳು.

"ಕಾಗದ ಗೀಗದ ಏನೂ ಬ್ಯಾಡ. ನಿಂಗೆ ಯಾವಾಗ ಆಗ್ತತೋ ಆವಾಗ ಕೊಡು. ಮೊದ್ಲು ಆ ಜಗಲಿ ಮ್ಯಾಲಿರೋರನ್ನ ಎಬ್ಬಿಸಿ ಕಳ್ಸು, ತಾಯವ್ವ ಅಡುಗೆಮನೆ ಬಿಟ್ಟು ಹೊರಗ ಬರಂಗಿಲ್ಲ ಪಾಪ" ಎಂದಳು. ಗುತ್ಯಪ್ಪ ಅಂದು ಅಕ್ಕನ ಎದುರೇ ಬಿಕ್ಕಿ ಬಿಕ್ಕಿ ಅತ್ತ.

ಹೀಗೆ ರೈತರ ದುಡ್ಡು ತೀರಿತು, ಬೇರೆಯವರ ಸಾಲ ಶುರುವಾಯಿತು. ಗುತ್ಯಪ್ಪ ಅರ್ಧಕ್ಕೂ ಹೆಚ್ಚು ಕುರಿ ಮಾರಿದ, ಹಗಲೆಲ್ಲ ಲಗೇಜ್ ಆಟೋ ಓಡಿಸಿದ. ತಾಯಮ್ಮ ಶಿಕಾರಿಪುರದ ಖಾನಾವಳಿಗೆ ದಿನಕ್ಕೆ ಇನ್ನೂರು ರೊಟ್ಟಿ ತಟ್ಟಿದಳು. ಮೊದಲ ಆರು ತಿಂಗಳು ಆ ಮನೆಯಲ್ಲಿ ಯಾರೂ ನಗಲಿಲ್ಲ. ಗುತ್ಯಪ್ಪ ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟ, ಗಡ್ಡ ಬಿಟ್ಟ, ಮೀನಾ ಟಿವಿ ಹಾಕಿದರೆ ರೇಗಿದ. ಒಂದು ದಿನ, ಕಂತು ಕಟ್ಟಿ ಬ್ಯಾಂಕಿನಿಂದ ಹೊರಗೆ ಬಂದಾಗ, ತಾಯಮ್ಮ ಬಸ್ ಸ್ಟ್ಯಾಂಡಿನ ಹೋಟೆಲಿನ ಮುಂದೆ ಗಕ್ಕನೆ ನಿಂತಳು.

"ನಾ ಒಂದು ಮಸಾಲೆ ದೋಸೆ ತಿಂತೀನಿ" ಎಂದಳು.

"ತಲೆ ಕೆಟ್ಟತೇನೇ ನಿಂಗೆ? ಮೈತುಂಬ ಸಾಲ ಐತಿ."

"ಸಾಲ ಐತಿ ಅಂತ ಉಸ್ರಾಡೋದು ಬಿಟ್ಟೀವೇನ್ರೀ? ಇನ್ನೂ ಐವತ್ತು ಕಂತು ಐತಿ. ಅಲ್ಲಿತನ ಹಿಂಗ ಹೆಣ ಕಾದಂಗ ಕೂತ್ರೆ ಸಾಲ ತೀರ್ತತಿ, ನಾವು ಉಳಿಯಲ್ಲ. ಬರ್ರಿ ಒಳಗ."

ಒಂದು ದೋಸೆ, ಎರಡು ತಟ್ಟೆ. ಸಪ್ಲಾಯರ್ ಮುಖ ಸಿಂಡರಿಸಿದರೂ ತಂದಿಟ್ಟ. ಗರಿಗರಿಯಾಗಿದ್ದ ತುದಿಯನ್ನು ತಾಯಮ್ಮ ಮುರಿದು ಗಂಡನ ತಟ್ಟೆಗೆ ಹಾಕಿದಳು. ಗುತ್ಯಪ್ಪ ಬಾಯಿಗಿಟ್ಟುಕೊಂಡ. ಆರು ತಿಂಗಳ ಮೇಲೆ ನಾಲಿಗೆಗೆ ರುಚಿ ಹತ್ತಿತು. ಎದುರಿಗೆ ಕೂತ ಹೆಂಡತಿ ಇನ್ನೂ ಚೆಂದ ಇದ್ದಾಳೆ ಎಂದೂ ಕಂಡಿತು.

ಅಲ್ಲಿಂದ ಅದು ಆ ಮನೆಯ ಕಟ್ಟಳೆಯಾಯಿತು. ಕಂತು ಕಟ್ಟಿದ ದಿನ ಒಂದು ದೋಸೆ, ಎರಡು ತಟ್ಟೆ. ಹತ್ತು ಕಂತಿಗೊಮ್ಮೆ ಮೀನಾಳನ್ನೂ ಆಟೋದಲ್ಲಿ ಕೂರಿಸಿಕೊಂಡು ಅಂಬ್ಲಿಗೊಳದ ಏರಿಯ ಮೇಲೆ ಹೋಗಿ ಮಿರ್ಚಿ ಬಜ್ಜಿ ತಿಂದು ಬರುವುದು. ಮೀನಾ ಪ್ರತಿ ಸಲವೂ ಅಪ್ಪ ಅಮ್ಮನ ಫೋಟೋ ತಾನೇ ತೆಗೆದೋ ಅವರಿಂದ ತರಿಸಿಕೊಂಡೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದಳು. ಕೆಳಗೆ "ಇನ್ನು ನಲವತ್ತೆಂಟು", "ಇನ್ನು ನಲವತ್ತೇಳು" ಎಂದು ಬರೆಯುವಳು. ನಿಜ ಹೇಳಬೇಕೆಂದರೆ ಗುತ್ಯಪ್ಪನ ಬದುಕಿನಲ್ಲಿ ಅಷ್ಟು ಖುಷಿಯ ವರ್ಷಗಳು ಅದಕ್ಕೆ ಮೊದಲೂ ಇರಲಿಲ್ಲ.

ಎಲ್ಲ ಸರಿ. ಎಡವಿದ್ದು ಎಲ್ಲಿ ಎಂದರೆ, ಅಕ್ಕನ ವಿಷಯದಲ್ಲಿ. ಬಾಗಿಲಿಗೆ ಬಂದು ಕೂಗುವವರ ಸಾಲ ಮೊದಲು ತೀರಿತು, ಕೂಗದವಳ ಸಾಲ ಕೊನೆಗೆ ಉಳಿಯಿತು. ಅದನ್ನೂ ಯಾರೂ ತಪ್ಪೆನ್ನುವುದಿಲ್ಲ, ಎಲ್ಲರೂ ಮಾಡುವುದು ಹಾಗೆಯೇ. ಆದರೆ ಇವನು ಇನ್ನೊಂದು ಮಾಡಿದ. ಮೊದಲ ವರ್ಷ ಪಂಚಮಿ ಹತ್ತಿರ ಬಂದಾಗ ತಾಯಮ್ಮ, "ಹೋಗಿ ಅಕ್ಕನ್ನ ಕರ್ಕಂಡು ಬರ್ರಿ" ಎಂದಳು.

"ಯಾವ ಮುಖ ಹೊತ್ಕಂಡು ಹೋಗ್ಲೇ? ಅವಳ ಗಂಡನ ದುಡ್ಡು ತಿಂದು ಕೂತೀನಿ. ಅಲ್ಲಿ ಅವಳ ಮೈದುನರು, ವಾರಗಿತ್ತೇರು ಇರ್ತಾರೆ. ಬರಿಗೈಲಿ ಹೋಗಿ ಹಬ್ಬಕ್ಕೆ ಬಾ ಅನ್ಲಾ? ಮೂರು ಲಕ್ಷ ಒಟ್ಟಿಗೇ ಅವಳ ಮಡ್ಲಿಗೆ ಹಾಕಿ ಅವತ್ತೇ ಕರ್ಕಂಡು ಬರ್ತೀನಿ. ಅಲ್ಲಿತನ ಬ್ಯಾಡ."

"ಅಕ್ಕ ದುಡ್ಡು ಕೇಳಿದ್ರಾ?"

"ಕೇಳ್ಲಿಲ್ಲ, ಅದಕ್ಕೇ ನಾಚಿಕಿ."

ಅಯ್ಯೋ ಮಾರಾಯ, ಆ ನಾಚಿಕೆಗೆ ಬೆಂಕಿ ಬೀಳಲಿ! ಬ್ಯಾಂಕಿನವನ ಎದುರು ಪ್ರತಿ ತಿಂಗಳು ಹೋಗಿ ನಿಲ್ಲುತ್ತಿದ್ದವನಿಗೆ ಹೊತ್ತು ಬೆಳೆಸಿದ ಅಕ್ಕನ ಎದುರು ಹೋಗಿ ನಿಲ್ಲಲು ನಾಚಿಕೆಯಾಯಿತು. ಅವಳ ಫೋನು ಬಂದರೆ, "ಗಾಡಿ ಓಡಿಸ್ತಿದೀನಿ ಅಕ್ಕ, ಆಮೇಲೆ ಮಾಡ್ತೀನಿ" ಎನ್ನುತ್ತಿದ್ದ. ಆಮೇಲೆ ಮಾಡುತ್ತಿರಲಿಲ್ಲ. ಬರಬರುತ್ತಾ ಅವಳೂ ಮಾಡುವುದನ್ನು ಬಿಟ್ಟಳು. ತಾಯಮ್ಮ ಯುಗಾದಿಗೋ ದೀಪಾವಳಿಗೋ ಮಾಡಿದರೆ, "ನಾನು ಆರಾಮ ಇದೀನಮ್ಮ, ನೀವು ಚೆನ್ನಾಗಿರ್ರಿ" ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ಹೀಗೆ ನಾಲ್ಕು ಪಂಚಮಿ ಕಳೆದವು.

ಹೋದ ತಿಂಗಳು ಬ್ಯಾಂಕಿನ ಕೊನೆಯ ಕಂತು. ಫೈನಾನ್ಸು, ಸಂಘ ಮೊದಲೇ ಮುಗಿದು, ವರ್ಷದಿಂದ ಅಕ್ಕನಿಗೆಂದೇ ಕೂಡಿಟ್ಟ ದುಡ್ಡಿಗೆ ಉಳಿದ ಹನ್ನೆರಡು ಕುರಿ ಮಾರಿದ್ದೂ ಸೇರಿ ಮೂರು ಲಕ್ಷ ತುಂಬಿತ್ತು. ಜೋಕಾಲಿ ಕಟ್ಟಿದ ಆ ಬೆಳಿಗ್ಗೆಯೇ ಅದನ್ನು ತಾಯಮ್ಮನ ರೊಟ್ಟಿ ಚೀಲದ ತಳಕ್ಕಿಟ್ಟು, ಮೇಲೆ ಶೇಂಗಾ ಉಂಡಿಯ ಡಬ್ಬಿ ಇಟ್ಟುಕೊಂಡು ಗುತ್ಯಪ್ಪ ಸೊರಬದ ಬಸ್ಸು ಹತ್ತಿದ. ಗಡ್ಡ ಬೋಳಿಸಿದ್ದ. ಇಸ್ತ್ರಿ ಅಂಗಿ ಹಾಕಿದ್ದ. ಮುಂಚೆ ಹೇಳಿರಲಿಲ್ಲ, ಹೇಳದೆ ಹೋಗಿ ಅಕ್ಕ ಕಣ್ಣರಳಿಸುವುದನ್ನು ನೋಡಬೇಕೆಂದು ಅವನಿಗೆ ಆಸೆ. ಶಿರಾಳಕೊಪ್ಪ ದಾಟುವವರೆಗೂ ಪಕ್ಕದಲ್ಲಿ ಕೂತವನಿಗೆ ತಾನು ಅಕ್ಕನನ್ನು ಹಬ್ಬಕ್ಕೆ ಕರೆತರಲು ಹೊರಟಿರುವುದನ್ನು ಮೂರು ಸಲ ಹೇಳಿದ.

ಹೊಸಬಾಳೆಯಲ್ಲಿ ಇಳಿದಾಗ ಹನಿ ಉದುರುತ್ತಿತ್ತು. ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ದುರುಗಮ್ಮ ನಡುಮನೆಯ ಮಂಚದ ಮೇಲೆ ಸೊಂಟದವರೆಗೆ ಕಂಬಳಿ ಹೊದ್ದು ಕೂತು, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಅಕ್ಕಾ" ಎಂದ.

ಅವಳು ತಲೆ ಎತ್ತಿದಳು. ಕಣ್ಣು ಕಿರಿದು ಮಾಡಿ ನೋಡಿದಳು. "ಯಾರು, ಗುತ್ಯಾನಾ? ಬಾರಲೇ ತಮ್ಮ. ಬಾ, ಒಳಗ ಬಾ. ನೆಂದೀಯೇನೋ?"

ದನಿ ಅದೇ. ಆದರೆ ಏಳಲಿಲ್ಲ. ಅವನು ಬಂದಾಗಲೆಲ್ಲ ಅರ್ಧ ಅಂಗಳಕ್ಕೆ ಓಡಿಬಂದು ಎರಡೂ ಕೆನ್ನೆ ಸವರಿ ನೆಟಿಗೆ ಮುರಿಯುತ್ತಿದ್ದವಳು, ಕೂತಲ್ಲಿಂದ ಅಲುಗಲಿಲ್ಲ. ಸಿಟ್ಟಾಗಿದ್ದಾಳೆ ಎಂದುಕೊಂಡ ಗುತ್ಯಪ್ಪ. ಆಗಲೇಬೇಕು, ನಾಲ್ಕು ವರ್ಷ ಮುಖ ತೋರಿಸದಿದ್ದರೆ ಯಾರಿಗೆ ಆಗುವುದಿಲ್ಲ? ಬೈಯಲಿ, ಹೊಡೆಯಲಿ, ಕಾಲು ಹಿಡಿದುಕೊಂಡರೆ ಕರಗುತ್ತಾಳೆ. ಚೀಲವನ್ನು ಮಂಚದ ಮೇಲಿಟ್ಟು, ಬಗ್ಗಿ, ಕಂಬಳಿಯ ಮೇಲಿಂದಲೇ ಅಕ್ಕನ ಪಾದಗಳನ್ನು ಹಿಡಿಯಲು ಎರಡೂ ಕೈ ಚಾಚಿದ.

ಬಲಗೈಗೆ ಒಂದು ಪಾದ ಸಿಕ್ಕಿತು. ಎಡಗೈಗೆ ಏನೂ ಸಿಗಲಿಲ್ಲ.

ಅವನು ಮತ್ತೆ ತಡಕಿದ. ಆ ಕಡೆ ಕಂಬಳಿ ಮೊಣಕಾಲಿನವರೆಗೂ ಚಪ್ಪಟೆಯಾಗಿತ್ತು. ಗುತ್ಯಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತ.

"ಹೋದ ದೀಪಾವಳಿ ಹೊತ್ತಿಗೆ ತೆಗುದ್ರು" ಎಂದಳು ದುರುಗಮ್ಮ, ಮೊರ ಪಕ್ಕಕ್ಕಿಡುತ್ತಾ. "ಶುಗರ್ ಇತ್ತಲ್ಲ. ಗದ್ದೆ ಬದುವಿನ ಮ್ಯಾಲೆ ಕಲ್ಲು ತಾಗಿ ಗಾಯ ಆತು. ಅರಿಶಿನ ಹಚ್ಕಂಡು ಹಂಗೇ ಕೂತೆ. ನಂದೇ ತಪ್ಪು. ಡಾಕ್ಟರು ನೋಡೋ ಹೊತ್ತಿಗೆ ಹೊತ್ತು ಮೀರಿತ್ತು."

"ನಂಗೆ ಯಾಕೆ ಹೇಳ್ಲಿಲ್ಲ? ಅಕ್ಕಾ! ನಂಗೆ ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಹೆಂಗ ಹೇಳ್ಲೋ? ಆಸ್ಪತ್ರೆಲಿ ಇದೀನಿ ಅಂದ್ರೆ ದುಡ್ಡು ಕೊಡು ಅಂದಂಗ ಆಗ್ತಿತ್ತು. ನೀನು ಕಂತು ಕಟ್ತಾ ಇದ್ದೆ. ಗಂಗಾಶ್ರೀಗೂ ಆಣೆ ಹಾಕಿ ಬಾಯಿ ಕಟ್ಟಿದ್ದೆ."

ಒಬ್ಬನಿಗೆ ದುಡ್ಡು ಕೊಟ್ಟಿಲ್ಲವಲ್ಲ ಎಂದು ಮಾತಾಡಲು ನಾಚಿಕೆ, ಇನ್ನೊಬ್ಬಳಿಗೆ ದುಡ್ಡು ಕೇಳಿದಂತಾಗುತ್ತದಲ್ಲ ಎಂದು ಮಾತಾಡಲು ನಾಚಿಕೆ. ಒಂದೇ ತಾಯಿಯ ಹಾಲು ಕುಡಿದವರು. ಗುತ್ಯಪ್ಪ ಮಂಚದ ಕಾಲಿಗೆ ತಲೆ ಚಚ್ಚಿಕೊಂಡು ಅಳತೊಡಗಿದ. ದುರುಗಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು, ಸುಮ್ಮನಿರು ಎನ್ನಲಿಲ್ಲ. ಒಳಗಿನಿಂದ ಗಂಗಾಶ್ರೀ ಬಂದು ನೀರು ಕೊಟ್ಟು, ಮಾವನ ಮುಖ ನೋಡದೆ ಬಾಗಿಲ ಹತ್ತಿರ ನಿಂತಳು.

ಅಳು ಇಳಿದ ಮೇಲೆ ಅವನು ಚೀಲ ಬಿಚ್ಚಿ ದುಡ್ಡು ಅವಳ ಮಡಿಲಿಗೆ ಹಾಕಿದ. ನಾಲ್ಕು ವರ್ಷದಿಂದ ಅವನು ಕನಸು ಕಂಡ ಗಳಿಗೆ ಅದು. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಇದರ ಮಾತು ಮುಗೀತು ಬಿಡು. ಗಂಗಾಶ್ರೀದು. ಅವಳಿಗೆ ಆತು" ಎಂದಳಷ್ಟೆ. ಆಮೇಲೆ ಡಬ್ಬಿ ತೆಗೆದು ಒಂದು ಉಂಡಿ ಮುರಿದು ಚೂರು ಬಾಯಿಗಿಟ್ಟುಕೊಂಡಳು. "ತಾಯವ್ವ ಬೆಲ್ಲ ಹದವಾಗಿ ಹಾಕ್ತಾಳೆ. ನಂಗೆ ಈಗ ಇಷ್ಟೇ."

"ಅಕ್ಕ, ನಾ ಹಬ್ಬಕ್ಕೆ ಕರೆಯಾಕೆ ಬಂದೀನಿ. ಕಾರು ಮಾಡ್ತೀನಿ. ನಾನೇ ಎತ್ಕಂಡು ಕೂರಿಸ್ತೀನಿ. ಬಾ."

"ಜೋಕಾಲಿ ಕಟ್ಟೀಯ?"

ಗುತ್ಯಪ್ಪನಿಗೆ ಸುಳ್ಳು ಹೇಳಲು ಬರಲಿಲ್ಲ. "ಬೆಳಿಗ್ಗೆ ಕಟ್ಟಿ ಬಂದೆ."

"ಹೊಸ ಹಗ್ಗನಾ?"

"ಹೂಂ."

"ಒಳ್ಳೇದಾತು. ಎರಡನೇ ವರ್ಷದ ಪಂಚಮಿಗೆ ನೀನು ಮೀನಾನ ತೂಗ್ತಾ ಇದ್ಯಲ್ಲ, ಆ ಹಗ್ಗ ಜೀರ್ಣ ಆಗಿತ್ತು. ಇವನಿಗೇನು ಬುದ್ಧಿ ಇಲ್ವಾ, ಕೂಸು ಬಿದ್ರೆ ಏನ್ಗತಿ ಅಂತ ಇಲ್ಲಿ ಕೂತ್ಕಂಡು ಬೈದೆ."

"ನೀನೆಲ್ಲಿ ನೋಡ್ದೆ?"

ದುರುಗಮ್ಮ ಮಗಳ ಕಡೆ ತಲೆಯಾಡಿಸಿದಳು. "ಇವಳ ಫೋನಾಗೆ ಬರ್ತತಲ್ಲ. ಮೀನಾ ಹಾಕ್ತಿದ್ಲಲ್ಲ. ಎಲ್ಲ ನೋಡೀನಿ. ಒಂದು ದೋಸೆ ಎರಡು ತಟ್ಟಿ. ಏರಿ ಮ್ಯಾಲೆ ಬಜ್ಜಿ. ತಿಂಗ್ಳು ತಿಂಗ್ಳು ಇವಳನ್ನ ಕೇಳ್ತಿದ್ದೆ, ಇನ್ನೆಷ್ಟು ಉಳೀತಂತೆ ಅಂತ. ನಲವತ್ತು ಅನ್ನೋಳು, ಮೂವತ್ತು ಅನ್ನೋಳು. ಆಸ್ಪತ್ರೆಲಿ ಇದ್ದಾಗ ಒಂಬತ್ತು. ನೀನು ಬಾಯ್ತುಂಬ ನಗ್ತಿದ್ದೆ ಫೋಟೋದಾಗೆ. ಅಪ್ಪ ಸತ್ತ ಮ್ಯಾಲೆ ನೀನು ಹಂಗ ನಕ್ಕಿದ್ದು ನಾ ನೋಡಿರ್ಲಿಲ್ಲ. ನೋಡಿ ನಾನೂ ನಗ್ತಿದ್ದೆ, ಸುಳ್ಳಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಒಂದು ದೋಸೆಗೆ ನನ್ನೂ ಕರೀಬೋದಿತ್ತಲ್ಲೋ, ಗುತ್ಯಾ. ನಾ ದುಡ್ಡು ಕೇಳ್ತಿರ್ಲಿಲ್ಲ. ತಿಂದು ಬರ್ತಿದ್ದೆ."

ಅವಳ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಗುತ್ಯಪ್ಪ ತಡೆದುಕೊಳ್ಳುತ್ತಿದ್ದ. ಎಳ್ಳಷ್ಟೂ ಇರಲಿಲ್ಲ.

"ಈಗ ಬಾ ಅಕ್ಕ. ಈಗ ಬಾ" ಎಂದು ಕೈ ಹಿಡಿದ.

"ಬ್ಯಾಡ ತಮ್ಮ. ಅಲ್ಲಿ ಮಂದಿಗೆ ನಾನು ನಿಂತು ಜೀಕೋ ದುರುಗಿ. ಹಂಗೇ ಇರ್ತೀನಿ ಬಿಡು. ನಾ ಹಿಂಗ ಬಂದ್ರೆ ಎಲ್ಲರೂ ಮೊದ್ಲು ನನ್ನ ಕಾಲು ನೋಡ್ತಾರೆ, ಆಮೇಲೆ ನಿನ್ನ ಮುಖ ನೋಡ್ತಾರೆ. ಅಕ್ಕನ ದುಡ್ಡು ಇವನ ಹತ್ರನೇ ಇತ್ತಲ್ಲ ಆವಾಗ ಅಂತಾರೆ. ಅದು ನಂಗೆ ಬ್ಯಾಡ."

ಎಷ್ಟು ಬೇಡಿದರೂ ಒಪ್ಪಲಿಲ್ಲ. ತಮ್ಮನ ಮಾನ ಕಾಯುವುದು ಅವಳಿಗೆ ಹುಟ್ಟಿನಿಂದ ಬಂದ ಕೆಲಸ, ಬಿಡುವುದು ಹೇಗೆ? ಊಟ ಹಾಕಿಸಿದಳು. ಹೊರಡುವಾಗ ಮಡಿಲ ದುಡ್ಡಿನಿಂದ ಒಂದು ನೋಟು ಎಳೆದು ಅವನ ಅಂಗಿಯ ಜೇಬಿಗೆ ತಾನೇ ತುರುಕಿದಳು.

"ಬಸ್ ಸ್ಟ್ಯಾಂಡಿನಾಗೆ ದೋಸೆ ತಿಂದು ಹೋಗು. ಕಂತು ಕಟ್ಟಿದ ದಿನ ತಿಂತೀರಲ್ಲ ನೀವು. ಇವತ್ತು ದೊಡ್ಡ ಕಂತು ಕಟ್ಟೀಯ. ತಪ್ಪಿಸಬ್ಯಾಡ."

ಗಂಗಾಶ್ರೀ ರಸ್ತೆಯವರೆಗೆ ಬಂದಳು. ಕೊಡೆಯ ಕೆಳಗೆ ಇಬ್ಬರೂ ನಡೆದರು. ಬಸ್ಸು ನಿಲ್ಲುವ ಕಡೆ ಒಂದು ಕಟ್ಟೆಯಿತ್ತು. ಅದನ್ನು ತೋರಿಸಿ ಅವಳು ಹೇಳಿದಳು, "ಮಾವ, ಅಮ್ಮ ಪಂಚಮಿ ಹಿಂದಿನ ದಿನ ಇಲ್ಲಿ ಬಂದು ಕೂರ್ತಿತ್ತು. ಮೂರು ವರ್ಷ. ಸೀರೆ ಬ್ಯಾಗಿಗೆ ಹಾಕ್ಕಂಡು. ಕೊನೇ ಬಸ್ಸು ಹೋದ್ಮೇಲೆ ಮನೆಗೆ ಬರ್ತಿತ್ತು. ಹೆಂಗಸ್ರಿಗೆ ಬಸ್ಸು ಫ್ರೀ ಆದಾಗ ನಾನೇ ಹೇಳ್ದೆ, ಸುಮ್ನೆ ಹತ್ಕಂಡು ಹೋಗಮ್ಮ ಅಂತ. ಟಿಕೆಟ್ ಇಲ್ದಿದ್ರೆ ಬಸ್ಸಿನವ್ನು ಕರೀತಾನೆ, ನನ್ನ ತಮ್ಮ ಕರೀಬೇಕಲ್ಲ ಅಂತು."

"ಹೋದ ವರ್ಷ?"

"ಹೋದ ವರ್ಷ ಕಾಲಲ್ಲಿ ಗಾಯ ಇತ್ತಲ್ಲ ಮಾವ. ಬಾಗಿಲಲ್ಲೇ ಕೂತಿತ್ತು."

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಶಿಕಾರಿಪುರದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಅಕ್ಕನನ್ನೋ ತಂಗಿಯನ್ನೋ ಕರೆದೊಯ್ಯುವ ಗಂಡಸರು ಅಲ್ಲಲ್ಲಿ ಬ್ಯಾಗು ಹಿಡಿದು ನಿಂತಿದ್ದರು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ರೀ, ಹೊರಟ್ರಾ?" ತಾಯಮ್ಮನ ದನಿಯಲ್ಲಿ ಹಬ್ಬವೇ ತುಂಬಿತ್ತು. "ಅಕ್ಕಗೆ ಫೋನ್ ಕೊಡ್ರಿ. ಮೀನಾ ಆಗಲೇ ಜೋಕಾಲಿಗೆ ಹೂವು ಕಟ್ಟಿ ಕಾಯ್ತಾ ಕೂತಾಳೆ. ಸ್ಟೇಟಸ್ಸಿಗೆ ಹಾಕ್ಬೇಕಂತೆ, ಇನ್ನು ಸೊನ್ನೆ ಅಂತ."

"ಬಂದು ಹೇಳ್ತೀನಿ" ಎಂದು ಗುತ್ಯಪ್ಪ ಫೋನ್ ಇಟ್ಟ.

ತಿನ್ನುವ ಮನಸ್ಸಿರಲಿಲ್ಲ. ಆದರೆ ಅಕ್ಕ ಹೇಳಿದ್ದಳು, ತಪ್ಪಿಸಬ್ಯಾಡ ಎಂದು. ಹೋಟೆಲಿನೊಳಗೆ ಹೋಗಿ ಮೂಲೆಯ ಮೇಜಿಗೆ ಕೂತ. ನಲವತ್ತರ ಸಪ್ಲಾಯರ್ ಒಬ್ಬ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಬಂದು ನಿಂತ.

"ಒಂದು ಮಸಾಲೆ. ಎರಡು ತಟ್ಟೆ" ಎಂದಿತು ಗುತ್ಯಪ್ಪನ ಬಾಯಿ, ಅಭ್ಯಾಸಬಲದಿಂದ.

ದೋಸೆ ಬಂತು. ಬಿಸಿ ಇತ್ತು, ತುಪ್ಪದ ವಾಸನೆ ಇತ್ತು. ಅವನು ಗರಿಗರಿಯಾದ ತುದಿಯನ್ನು ಮುರಿದು ಎದುರಿನ ತಟ್ಟೆಗೆ ಹಾಕಿದ. ಆಮೇಲೆ ಅರ್ಧ ಭಾಗ ಮಾಡಿ ಅದನ್ನೂ ಹಾಕಿದ. ತನ್ನ ತಟ್ಟೆಯನ್ನು ಮುಟ್ಟದೆ ಆ ತಟ್ಟೆಯನ್ನೇ ನೋಡುತ್ತಾ ಕೂತ. ಹೊತ್ತು ಹೋಯಿತು. ದೋಸೆ ಮೆತ್ತಗಾಯಿತು, ಚಟ್ನಿ ನೀರು ಬಿಟ್ಟಿತು. ಹೊರಗೆ ಶಿಕಾರಿಪುರದ ಬಸ್ಸು ಬಂದು ನಿಂತು, ಅಕ್ಕತಂಗಿಯರನ್ನೆಲ್ಲ ಹತ್ತಿಸಿಕೊಳ್ಳತೊಡಗಿತು.

ಸಪ್ಲಾಯರ್ ಮೇಜು ಒರೆಸಲು ಬಂದವನು ತುಂಬಿದ ಎರಡು ತಟ್ಟೆ ನೋಡಿ ಕೈ ತಡೆದ. "ಇನ್ನೊಬ್ರು ಬರ್ತಾರಾ ಯಜಮಾನ್ರೇ?"

ಗುತ್ಯಪ್ಪ ತಲೆ ಎತ್ತಲಿಲ್ಲ.

"ಬರೋರು" ಎಂದ. "ನಾ ಕರೀಲಿಲ್ಲ."